ಬಾಂದ್ರಾದಗೆ ಅಂಥದ್ದೆಂತ ಇತ್ತ್?

ಊರಿಗೆ ಹೋದಾಗೆಲ್ಲ ಅತ್ತಿಗೆಯವರು, ಚಿಕ್ಕಮ್ಮ, ಆಚೆಮನಿ ಅಕ್ಕ ಎಲ್ಲಾ ಸೇರಿ ನನ್ನ ಹತ್ರ ಕೇಂಬುದು ಇದೊಂದೇ. ನಮ್ಮ ಹುಡುಗಿ ಬಾಂದ್ರಾದಗೆ ಬೆಂಕಿಪೊಟ್ಣದಷ್ಟು ಮನಿಗೆ ತಿಂಗ್ಳಿಗೆ ಅಷ್ಟೊಂದು ಬಾಡ್ಗಿ ಕೊಡ್ತಳಂಬ್ರಲೆ, ಅಂಥದ್ದೆಂತ ಇತ್ತ್ ಅಲ್ಲಿ? ಕಡ್ಲ್ ನಮ್ಮಲ್ಲಿಲ್ಯಾ? ಮರವಂತೆಯಗೆ ಒಂದ್ ಬದಿ ಕಡ್ಲ್, ಮತ್ತೊಂದ್ ಬದಿ ಸೌಪರ್ಣಿಕೆ ಹೊಳಿ, ನಡುವೆ ರಸ್ತೆ. ಅದನ್ನ ಕಾಂಬುಕೆ ಯಾರಾದ್ರೂ ದುಡ್ಡ್ ಕೊಟ್ಟದ್ದಿತ್ತಾ?

ಕೇಂಬುದ್ರಗೆ ತಪ್ಪಿಲ್ಲೆ. ಮೂವತ್ತ್ ವರ್ಷದಿಂದ ಡೊಂಬಿವ್ಲಿಯಗೆ ಇಪ್ಪ ನಂಗೂ ಮೊದ್ಲ್ ಮೊದ್ಲ್ ಹಾಂಗೇ ಕಂಡದ್ದ್. ಹಾಂಗಾಗಿ ಬಾಂದ್ರಾ ಹೇಂಗೆ ಬಾಂದ್ರಾ ಆಯ್ತ್ ಅಂದೇಳಿ ಓದಿದ್ದು, ನಡ್ಕಂಡ್ ಕಂಡದ್ದು, ನಮ್ಮ ಮಾವ ಹೇಳಿದ್ದು ಎಲ್ಲಾ ಸೇರ್ಸಿ ಇಲ್ಲಿ ಬರೀತೆ. ಇಸವಿಗಳ ಸುದ್ದಿ ಬಂದಾಗ ನಂಗೆ ಪುಸ್ತಕದ ಕನ್ನಡ ಬತ್ತ್, ಉಳಿದದ್ದೆಲ್ಲ ಮನಿ ಮಾತು. ಸುಧಾರ್ಸ್ಕಣಿ.

ಮೊದ್ಲ್ ಒಂದ್ ಸಂಗತಿ ತಿಳ್ಕಣಿ. ಬಾಂದ್ರಾ ಹಿಂದೆ ಬೊಂಬಾಯಿಯೇ ಅಲ್ಲ. ಬೊಂಬಾಯಿ ಅಂದ್ರೆ ಏಳು ದ್ವೀಪ, ಅದರ ಬಡಗು ತುದಿ ಮಾಹಿಮ್. ಮಾಹಿಮಿನ ಆಚೆ ಒಂದು ಅಳಿವೆ, ಅಳಿವೆ ದಾಟಿದರೆ ಸಾಲ್ಸೆಟ್ ಅನ್ನುವ ದೊಡ್ಡ ದ್ವೀಪ. ಅದರ ತೆಂಕು ಮೂಲೆಯ ಊರು ಬಾಂದ್ರಾ. ಬಂದರು ಅಂಬ ಶಬ್ದದಿಂದ ಆ ಹೆಸರು ಬಂತು ಅಂತ ಹೇಳುವವರಿದ್ದಾರೆ, ನಮ್ಮ ಗಂಗೊಳ್ಳಿ ಬಂದ್ರ್ ಇದ್ದಾಂಗೆ. 1534ರಲ್ಲಿ ಈ ಸೀಮೆ ಪೋರ್ಚುಗೀಸರ ಕೈಗೆ ಹೋಯಿತು. ಅವರು 1640ರಲ್ಲಿ ಕಡಲ ಮೂಲೆಯಲ್ಲಿ ಒಂದು ಕೋಟೆ ಕಟ್ಟಿದರು. ಅದಕ್ಕೆ ಅಗ್ವಾದ ಅಂತ ಹೆಸರು, ಅಂದರೆ ನೀರು ತುಂಬಿಸಿಕೊಳ್ಳುವ ಜಾಗ. ಹಡಗಿನವರಿಗೆ ಅಲ್ಲಿ ಸಿಹಿನೀರು ಸಿಗುತ್ತಿತ್ತಂತೆ. ಉಪ್ಪುನೀರಿನ ಬುಡದಲ್ಲಿ ಸಿಹಿನೀರು ಸಿಕ್ಕರೆ ಅದೆಷ್ಟು ದೊಡ್ಡ ಮಾತು ಅಂದೇಳಿ ಕಡ್ಲ್ ಕರಿಯ ಹೆಣ್ಮಕ್ಳಿಗೆ ನಾನ್ ಹೇಳ್ಕಾ?

1661ರಲ್ಲಿ ಪೋರ್ಚುಗೀಸರು ತಮ್ಮ ರಾಜಕುಮಾರಿಯನ್ನು ಇಂಗ್ಲೆಂಡಿನ ರಾಜನಿಗೆ ಕೊಡುವಾಗ ಬೊಂಬಾಯಿಯನ್ನು ಬಳುವಳಿ ಕೊಟ್ಟ ಕತೆ ನಿಮಗೆಲ್ಲ ಗೊತ್ತು. ಬಾಂದ್ರಾ ಆ ಬಳುವಳಿಯಲ್ಲಿ ಸೇರಿರಲಿಲ್ಲ. ಅಳಿವೆಯ ಈಚೆ ಒಂದು ರಾಜ್ಯ, ಆಚೆ ಇನ್ನೊಂದು. 1739ರ ಹೊತ್ತಿಗೆ ಸಾಲ್ಸೆಟ್ ಮರಾಠರದಾಯಿತು, ಆಮೇಲೆ 1782ರ ಸಾಲ್ಬಾಯಿ ಒಪ್ಪಂದದಲ್ಲಿ ಇಂಗ್ಲಿಷರದ್ದು. ಇಷ್ಟೆಲ್ಲ ಆದ್ರೂ ಬಾಂದ್ರಾದವರಿಗೆ ಬೊಂಬಾಯಿಗೆ ಹೋಪುಕೆ ದೋಣಿಯೇ ಗತಿ. ಗದ್ದಿ, ತೆಂಗು, ಮೀನು, ಅಷ್ಟರ ಊರು ಅದು.

ಆ ಅಳಿವೆ ಮಳೆಗಾಲದಲ್ಲಿ ಎಷ್ಟು ಕೆಟ್ಟದ್ದು ಅಂದರೆ ದೋಣಿ ಮಗುಚಿ ಜನ ಸಾಯುತ್ತಿದ್ದರು. ನಮ್ಮಲ್ಲೂ ಸಂಕ ಆಪುಕೆ ಮುಂಚೆ ಹೊಳಿ ದಾಟುದ್ ಅಂದ್ರೆ ಹಾಂಗೇ ಅಲ್ದಾ, ದಡ ಮುಟ್ಟು ತನ್ಕ ಜೀವ ಕೈಯಗೆ. ಸೇತುವೆಗೆ ಸರ್ಕಾರ ದುಡ್ಡು ಬಿಚ್ಚಲಿಲ್ಲ. ಆಗ ದುಡ್ಡು ಕೊಟ್ಟದ್ದು ಒಬ್ಬ ಹೆಂಗಸು. ಪಾರ್ಸಿ ದೊಡ್ಡ ವ್ಯಾಪಾರಿ ಜಮ್‌ಶೇಟ್‌ಜಿ ಜೀಜೀಭಾಯಿಯವರ ಹೆಂಡತಿ ಆವಾಬಾಯಿ. 1,57,000 ರೂಪಾಯಿ ಕೊಟ್ಟು ಒಂದೇ ಒಂದು ಷರತ್ತು ಹಾಕಿದರು: ದಾಟುವವರ ಹತ್ತಿರ ಸುಂಕ ಕೇಳಬಾರದು. 1845ರಲ್ಲಿ ಮಾಹಿಮ್ ಕಾಸ್‌ವೇ ತೆರೆಯಿತು. ಬಾಂದ್ರಾದ ಕತೆಯಲ್ಲಿ ನಂಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಈ ಷರತ್ತು. ರಸ್ತೆ ಕಟ್ಟಿಸಿ ಹೆಸರು ಹಾಕ್ಸ್ಕಂಬವರು ಬೇಕಾದಷ್ಟ್ ಜನ ಸಿಕ್ತ್ರ್. ತಲೆ ಮೇಲೆ ಮೀನಿನ ಬುಟ್ಟಿ ಹೊತ್ತವಳೂ ಬಿಟ್ಟಿಯಾಗಿ ದಾಟ್ಕ್ ಅಂದವರು ಎಷ್ಟ್ ಜನ?

ಅಲ್ಲಿನ ಮೂಲದವರು ಯಾರು ಕೇಂಡ್ರೆ, ಕೋಳಿಗಳು (ಕೋಳಿ ಅಂದ್ರೆ ಹುಂಜ ಅಲ್ಲ, ಮೀನ್ ಹಿಡಿಯುವ ಜಾತಿಯವರು, ನಮ್ಮ ಖಾರ್ವಿ, ಮೊಗವೀರರ ಹಾಂಗೆ), ಮತ್ತ್ ಬೇಸಾಯ ಮಾಡುವವರು. ಪೋರ್ಚುಗೀಸರ ಕಾಲದಲ್ಲಿ ಇವರಲ್ಲಿ ಸುಮಾರು ಜನ ಕ್ರಿಶ್ಚನ್ನರಾದರು. ಸೇಂಟ್ ಆಂಡ್ರೂಸ್ ಇಗರ್ಜಿ 1575ರದ್ದು. ಆದರೆ ಮನೆ ಮಾತು ಮರಾಠಿಯೇ, ಮದುವೆ ಹಾಡೂ ಮರಾಠಿಯೇ. ಇವರಿಗೆ ಈಸ್ಟ್ ಇಂಡಿಯನ್ ಅಂಬ ಹೆಸರು ಬಂದ ಕತೆಯಲ್ಲಿ ನಮ್ಮ ಕರಾವಳಿಯದ್ದೂ ಒಂದು ಪಾಲು ಇತ್ತ್. ಬೊಂಬಾಯಿಯ ಕಚೇರಿ ಕೆಲಸಕ್ಕೆ ಗೋವೆ, ಮಂಗಳೂರಿನಿಂದ ಕ್ರಿಶ್ಚನ್ನರು ಬರತೊಡಗಿದರು. ಹೆಸರು ಕೇಳಿದರೆ ಎಲ್ಲರೂ ಡಿಸೋಜ, ಪಿರೇರಾ. ಇಲ್ಲಿಯವರು ಯಾರು, ಬಂದವರು ಯಾರು ಗೊತ್ತಾಗುವುದು ಹೇಗೆ? ಹಾಗಾಗಿ 1887ರಲ್ಲಿ, ವಿಕ್ಟೋರಿಯಾ ರಾಣಿಯ ಐವತ್ತನೇ ವರ್ಷದ ಸಂಭ್ರಮದ ಹೊತ್ತಿಗೆ, ಮೂಲದವರು ಸಂಘ ಕಟ್ಟಿಕೊಂಡು ಈಸ್ಟ್ ಇಂಡಿಯನ್ ಅಂತ ಹೆಸರಿಟ್ಟುಕೊಂಡರು. ಕಂಪೆನಿ ಸರ್ಕಾರಕ್ಕೆ ಮೊದಲಿಂದ ದುಡಿದವರು ನಾವು ಅಂತ ಹೇಳಿಕೊಳ್ಳುವುದಕ್ಕೆ. ಹೊರಗಿನವರು ಬಂದ್ರ್ ಅಂಬ ತಕರಾರು ಆ ಊರಗೆ ಇಂದ್ ನಿನ್ನೆದ್ದಲ್ಲ ಕಾಣಿ.

ಇವರ ಮನೆ ಈಗಲೂ ಚಾಪೆಲ್ ರೋಡ್, ರನ್ವರ್ ಬದಿಯಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿದೆ. ಎದುರಿಗೆ ಮರದ ಕೈಪಿಡಿಯ ಜಗಲಿ, ಹೊರಗಿನಿಂದಲೇ ಮಾಳಿಗೆಗೆ ಹತ್ತುವ ಮೆಟ್ಟಿಲು, ಹಂಚಿನ ಮಾಡು. ಹಂಚಿನ ಮಾಡು ಕಂಡ್ಕೂಡ್ಲೆ ನಂಗೆ ನಮ್ಮ ಹಳೆಮನಿ ನೆನ್ಪಾತ್ತ್. ಬೇಸಗೆಯಲ್ಲಿ ಒಣಮೆಣಸು, ಅರಿಶಿನ, ಕೊತ್ತಂಬರಿ ಎಲ್ಲಾ ಹುರಿದು ಕುಟ್ಟಿ ಬಾಟ್ಲಿಯಗೆ ತುಂಬಿ ವರ್ಷಕ್ಕಾಪಷ್ಟು ಮಾಡಿಡ್ತ್ರ್. ಅದಕ್ಕೆ ಬಾಟ್ಲಿ ಮಸಾಲೆ ಅಂತಲೇ ಹೆಸರು. ಬಿಸ್ಲಿಗೆ ಮೆಣ್ಸ್ ಹಾಕಿ ಕಾಗೆ ಕಾಯು ಕೆಲ್ಸ ಅಲ್ಲಿಯ ಅಜ್ಜಿಯಂದಿರಿಗೂ ತಪ್ಪಿದ್ದಲ್ಲ.

ರೈಲು ಬಂದ ಮೇಲೆ ಊರು ಬದಲಾಯಿತು. 1867ರಲ್ಲಿ ವಿರಾರಿನಿಂದ ಬೊಂಬಾಯಿಗೆ ಲೋಕಲ್ ಶುರುವಾಯಿತು, ಬಾಂದ್ರಾ ಆ ದಾರಿಯಲ್ಲೇ ಇತ್ತು. 1876ರಲ್ಲಿ ಅದಕ್ಕೆ ತನ್ನದೇ ಮುನ್ಸಿಪಾಲಿಟಿ. ಪೇಟೆಯ ದುಡ್ಡಿದ್ದವರು ಗಾಳಿ ಬದಲಾವಣೆಗೆ ಅಂತ ಪಾಲಿ ಗುಡ್ಡದಲ್ಲಿ ಬಂಗಲೆ ಕಟ್ಟಿದರು.

1896ರಲ್ಲಿ ಪ್ಲೇಗು ಬಂತು. ಬೊಂಬಾಯಿಯ ಮಾಂಡ್ವಿ ಕೇರಿಯಲ್ಲಿ ಗೋವೆಯ ಮೂಲದ ಡಾಕ್ಟ್ರು ಅಕಾಸಿಯೋ ವಿಯೆಗಸ್ ಮೊದಲು ಅದನ್ನು ಗುರುತು ಹಿಡಿದರು. ಕತ್ತಲೆ ಚಾಳುಗಳಲ್ಲಿ ಒಂದೇ ಕೋಣೆಯಲ್ಲಿ ಹತ್ತು ಜನ ಮಲಗುತ್ತಿದ್ದ ಪೇಟೆ ಅದು, ಬೆಂಕಿ ಹಿಡಿದ ಹಾಗೆ ಹರಡಿತು. ಸರ್ಕಾರದವರು ಮನೆಮನೆಗೆ ನುಗ್ಗಿ ರೋಗಿಗಳನ್ನು ಎತ್ತಿಕೊಂಡು ಹೋಗುತ್ತಿದ್ದರು, ಹೆಂಗಸರು ಅಂತಲೂ ನೋಡುತ್ತಿರಲಿಲ್ಲ. ಜನ ಪೇಟೆ ಬಿಟ್ಟು ಓಡಿದರು. ಗಾಳಿ, ಬೆಳಕು, ಮನೆಗೂ ಮನೆಗೂ ನಡುವೆ ಅಂಗಳ ಇಪ್ಪ ಜಾಗ ಅಂದ್ರೆ ಶೋಕಿ ಅಲ್ಲ, ಜೀವ ಉಳಿಯುವ ಸಂಗತಿ ಅಂದೇಳಿ ಆಗಳಿಕ್ ಬೊಂಬಾಯಿಯವರಿಗೆ ಗೊತ್ತಾಯ್ತ್. ಬಾಂದ್ರಾಕ್ಕೂ ರೋಗ ಬಾರದೆ ಇರಲಿಲ್ಲ. ಅಲ್ಲಿ ಓಣಿ ಓಣಿಯ ಮೂಲೆಯಲ್ಲಿ ಕಲ್ಲಿನ ಶಿಲುಬೆಗಳು ಕಾಂಬುಕೆ ಸಿಕ್ತೊ. ಎಷ್ಟೋ ಶಿಲುಬೆ ಪ್ಲೇಗಿನ ಕಾಲದಲ್ಲಿ ನಮ್ಮ ಓಣಿ ಉಳಿಯಲಿ ಅಂತ ಹರಕೆ ಹೊತ್ತು ನಿಲ್ಲಿಸಿದ್ದು. ಕೆಲವರ ಬುಡದಲ್ಲಿ ಇಸವಿ ಕೆತ್ತಿರ್ತದೆ. ನಮ್ಮಲ್ಲಿ ಮಾರಿ ಓಡಿಸುದ್ ಇದ್ದಾಂಗೆ. ಈಗ ಅದೇ ಶಿಲುಬೆಯ ಎದ್ರ್ ಕಾಫಿ ಅಂಗಡಿ, ಕಾಫಿ ಕುಡಿಯುವವರು ಅದರ ಫೋಟೊ ತೆಗಿತ್ರ್.

ಪ್ಲೇಗಿನ ಆಮೇಲೆ ಮಧ್ಯಮ ವರ್ಗದವರೂ ಸೇರಿ ಮನೆ ಕಟ್ಟಿಕೊಳ್ಳುವ ಯೋಚನೆ ಬಂತು. ಇದ್ರಗೆ ನಮ್ಮ ಕನ್ನಡ ಜಿಲ್ಲೆಯವರ ಬುದ್ಧಿ ದೊಡ್ಡದು. 1915ರಲ್ಲಿ ಬೊಂಬಾಯಿಯ ಗಾಮ್‌ದೇವಿಯಲ್ಲಿ ನಮ್ಮ ಕರಾವಳಿ ಕಡೆಯ ಸಾರಸ್ವತರು ತಲ್ಮಕಿ ಅವರ ಮುಂದಾಳುತನದಲ್ಲಿ ಸಹಕಾರಿ ಹೌಸಿಂಗ್ ಸೊಸೈಟಿ ಕಟ್ಟಿದರು. ಎಲ್ಲರೂ ಪಾಲು ಹಾಕುವುದು, ಜಾಗ ಸೊಸೈಟಿಯದ್ದು, ಮನೆಯಲ್ಲಿ ಇರುವ ಹಕ್ಕು ಸದಸ್ಯರದ್ದು. ಮೂರೇ ವರ್ಷಕ್ಕೆ, 1918ರಲ್ಲಿ, ಬಾಂದ್ರಾದಲ್ಲಿ ಸಾಲ್ಸೆಟ್ ಕ್ಯಾಥೊಲಿಕ್ ಸೊಸೈಟಿ ಬಂತು. ಗದ್ದೆ ಇದ್ದಲ್ಲಿ ನೆಟ್ಟಗಿನ ರಸ್ತೆ, ರಸ್ತೆಯ ಬದಿಗೆ ಮರ, ಸಣ್ಣ ಸಣ್ಣ ಬಂಗಲೆ, ಬಂಗಲೆಗೊಂದು ಹಿತ್ತಲು. ಗುಮಾಸ್ತರು, ಮಾಸ್ತರು, ನರ್ಸುಗಳು ಬದುಕುವ ಊರು. 1928ರಲ್ಲಿ ಬೋರಿವ್ಲಿವರೆಗೆ ಕರೆಂಟಿನ ರೈಲು ಓಡಿದ ಮೇಲೆ ಫೋರ್ಟಿನ ಕಚೇರಿಗೆ ಹೋಗಿ ಸಂಜೆಗೆ ಮನೆಗೆ ಬಂದು ಕಡಲ ಬದಿ ಒಂದು ಸುತ್ತು ನಡೆದು ಬರಬಹುದಿತ್ತು. ಬ್ಯಾಂಡ್‌ಸ್ಟ್ಯಾಂಡ್ ಅಂಬ ಹೆಸರೇ ಸಂಜೆ ಬ್ಯಾಂಡ್ ನುಡಿಸುತ್ತಿದ್ದುದರಿಂದ ಬಂದದ್ದು.

ಇನ್ನು ಕಡ್ಲಿನ ಸುದ್ದಿ. ಸತ್ಯ ಹೇಳುದಾದ್ರೆ ಬಾಂದ್ರಾದ ಕಡ್ಲ್ ನಮ್ಮ ಕಡ್ಲಿನ ಎದ್ರ್ ಕಡ್ಲೇ ಅಲ್ಲ. ಹೊಯ್ಗೆ ಇಲ್ಲೆ, ಬರೀ ಕಪ್ಪ್ ಬಂಡಿ. ಇಳಿತದ ಹೊತ್ತಿಗೆ ನಾತ. ಕಾಲ್ ಅದ್ದುಕೂ ಮನಸ್ ಬತ್ತಿಲ್ಲೆ. ನಮ್ಮ ಮಾವ ಹದಿನಾಲ್ಕರ ಹೈದ ಇಪ್ಪತಿಗೆ ಬಾಂದ್ರಾ ಸ್ಟೇಶನ್ ಹತ್ರ ಒಂದ್ ಹೋಟ್ಲಗೆ ಕಪ್ಪು ಬಸಿ ತೊಳಿಯುಕೆ ನಿಂತವರು. ಅವರಿಗೆ ಬಾಂದ್ರಾ ಅಂದ್ರೆ ಕಸಾಯಿಖಾನೆಯ ವಾಸನೆ. ಇಡೀ ಬೊಂಬಾಯಿಯ ಕಸಾಯಿಖಾನೆ ಬಾಂದ್ರಾದಲ್ಲೇ ಇದ್ದದ್ದು, 1970ರ ದಶಕದ ಶುರುವಿಗೆ ದೇವನಾರಿಗೆ ಹೋಯಿತು. ಗಾಳಿ ತಿರುಗಿದ್ ದಿನ ಅನ್ನ ಸೇರ್ತಿರಲಿಲ್ಲ ಅಂದೇಳಿ ಅವ್ರ್ ಹೇಳುದಿದ್ದಿತ್. ರೈಲು ಹಳಿಯ ಪಶ್ಚಿಮಕ್ಕೆ ಬಂಗಲೆ, ಪೂರ್ವಕ್ಕೆ ಕೊಳಚೆ, ಜೋಪಡಿ, ಸರ್ಕಾರಿ ಕ್ವಾರ್ಟರ್ಸು. ಒಂದೇ ಸ್ಟೇಶನ್ನು, ಎರಡು ಊರು. ಮಾವ ಮೂವತ್ತ್ ವರ್ಷ ಅಲ್ಲಿ ದುಡಿದ್ರೂ ಬಾಂದ್ರಾದಗೆ ಒಂದ್ ದಿನ ಸಂಸಾರ ಮಾಡ್ಲಿಲ್ಲ. ಮಲಗುದ್ ಹೋಟ್ಲಿನ ಮೇಜಿನ ಮೇಲೆ, ಸಂಸಾರ ಊರಗೆ.

ಹಾಂಗಿದ್ರೆ ನಮ್ಮ ಹುಡುಗಿ ಎಂತಕ್ಕೆ ಅಲ್ಲೇ ಆಯ್ಕ್ ಅಂತಳ್? ನಾನ್ ಕೇಂಡಿದ್ದೆ. ಅವಳ್ ಹೇಳಿದ್ದ್ ಇಷ್ಟೇ: ಚಿಕ್ಕಮ್ಮ, ರಾತ್ರಿ ಹತ್ತಕ್ಕೆ ಕೆಲ್ಸ ಮುಗ್ಸಿ ಕಾರ್ಟರ್ ರೋಡಗೆ ಕಡ್ಲ್ ಕಂಡ್ಕಂಡ್ ಒಬ್ಳೇ ಕೂಕಂಬುಕಾತ್ತ್, ಯಾರೂ ಯಾಕೆ ಅಂದೇಳಿ ಕೇಂತಿಲ್ಲೆ.

ಆ ಮಾತು ನನ್ನ ತಲೆಯಗೆ ಎಷ್ಟೋ ದಿನ ಇದ್ದಿತ್. ಕಡ್ಲಿನ ಬುಡದಗೆ ಹುಟ್ಟಿ ಬೆಳ್ದ ನಾವ್ ಯಾವತ್ತಾದ್ರೂ ಕಡ್ಲ್ ಕರಿಯಗೆ ಒಬ್ರೇ ಕೂತದ್ದಿತ್ತಾ? ಮದ್ವೆಗೆ ಮುಂಚೆ ಕೂತ್ರೆ ಕೇಂಬವರು ನೂರ್ ಜನ, ಮದ್ವೆ ಆದ್ ಮೇಲೆ ಪುರ್ಸೊತ್ತಿಲ್ಲೆ. ನಮಗೆ ಕಡ್ಲ್ ಅಂದ್ರೆ ರಾತ್ರಿ ಮಲಗಿದಲ್ಲಿ ಕೇಂಬ ಸಪ್ಪಳ.

ಅವಳು ಬಾಡಿಗೆ ಕೊಡುವುದು ಗೋಡೆಗಲ್ಲ, ಈ ಕೂಕಂಬುದಕ್ಕೆ ಅಂದೇಳಿ ನಂಗ್ ಕಾಂತ್. ಅದು ಒಂದ್ ದಿನಕ್ಕೆ ಬಂದದ್ದೂ ಅಲ್ಲ. ಬಾಂದ್ರಾದಲ್ಲಿ ಶಾಲೆಗಳು ಹಳತು, ಸೇಂಟ್ ಸ್ಟಾನಿಸ್ಲಾಸ್ ಗಂಡುಮಕ್ಕಳ ಶಾಲೆ 1863ರದ್ದು, ಹೆಣ್ಣುಮಕ್ಕಳಿಗೆ ಸನ್ಯಾಸಿನಿಯರ ಕಾನ್ವೆಂಟುಗಳು. ಓದಿದ ಹೆಣ್ಣುಮಕ್ಕಳು ಟೈಪಿಸ್ಟು, ನರ್ಸು, ಟೀಚರು ಆಗಿ ಬೆಳಗ್ಗೆ ಸ್ಟೇಶನ್ನಿಗೆ ನಡೆದು ಸಂಜೆ ನಡೆದೇ ಬರುತ್ತಿದ್ದರು. ಅದಕ್ಕೂ ಮುಂಚೆ ಕೋಳಿ ಹೆಂಗಸರು ನಸುಕಿಗೆ ಎದ್ದು ಮೀನಿನ ಬುಟ್ಟಿ ಹೊತ್ತು ಕಾಸ್‌ವೇ ದಾಟುತ್ತಿದ್ದರು. ಹೆಣ್ಣು ರಸ್ತೆಯಲ್ಲಿ ಇರುವುದು ಕಂಡು ಕಂಡು ಆ ಊರಿನ ಕಣ್ಣಿಗೆ ಅಭ್ಯಾಸವಾಗಿದೆ. ಇದು ನನ್ನ ಲೆಕ್ಕಾಚಾರ, ಪುಸ್ತಕದ್ದಲ್ಲ.

ಸಿನಿಮಾದವರು ಬಂದದ್ದು ಆಮೇಲೆ. 1950ರ ದಶಕದಲ್ಲಿ ಹಿಲ್ ರೋಡಿನಲ್ಲಿ ಮೆಹಬೂಬ್ ಸ್ಟುಡಿಯೊ ಆಯಿತು, ಪಾಲಿ ಗುಡ್ಡದಲ್ಲಿ ನಟರ ಮನೆ. ಅಷ್ಟರಲ್ಲಿ ದೇಶ ಇಬ್ಭಾಗವಾಗಿ ಸಿಂಧಿಗಳೂ ಬಂದು ಮನೆ, ಕಾಲೇಜು ಕಟ್ಟಿದ್ದರು. 1950ರಲ್ಲಿ ಬಾಂದ್ರಾ ಬೊಂಬಾಯಿಯ ಒಳಗೇ ಸೇರಿತು. ಪಾಲಿ ಗುಡ್ಡದ ಬಂಗಲೆಯವರಲ್ಲಿ ಒಬ್ಬರು ಗುರುದತ್. ನಮ್ಮ ಕುಂದಾಪ್ರದ ಬದಿಯ ಪಡುಕೋಣೆ ಮನೆತನದವರು, ಹುಟ್ಟಿದ್ದು 1925ರಲ್ಲಿ ಬೆಂಗಳೂರಿನಲ್ಲಿ. ದೊಡ್ಡ ಬಂಗಲೆ, ತೋಟ, ನಾಯಿ, ಎಲ್ಲಾ ಇದ್ದಿತ್. 1963ರಲ್ಲಿ ಅದನ್ನು ಅವರೇ ಕೆಡವಿಸಿಬಿಟ್ಟರು. ಮರುವರ್ಷ ಪೆಡ್ಡರ್ ರೋಡಿನ ಬಾಡಿಗೆ ಫ್ಲ್ಯಾಟಿನಲ್ಲಿ ತೀರಿಕೊಂಡರು, ಮೂವತ್ತೊಂಬತ್ತು ವರ್ಷಕ್ಕೆ.

ಅವರದ್ದು ಮನಸ್ಸಿನ ಸಂಕಟ. ಆದರೆ ಉಳಿದ ಬಂಗಲೆಗಳೂ ಒಂದೊಂದಾಗಿ ಬಿದ್ದವು, ಅದಕ್ಕೆ ಕಾರಣ ಲೆಕ್ಕದ್ದು. 1947ರ ಬಾಡಿಗೆ ಕಾಯ್ದೆ ಹಳೆ ಬಾಡಿಗೆಯನ್ನು ಇದ್ದಲ್ಲೇ ಹಿಡಿದು ನಿಲ್ಲಿಸಿತು. ಬಾಡಿಗೆದಾರನಿಗೆ ರಕ್ಷಣೆ ಸಿಕ್ಕಿತು, ಒಡೆಯನಿಗೆ ಮಾಡಿನ ಹಂಚು ತಿರುವುವುದಕ್ಕೂ ದುಡ್ಡು ಹುಟ್ಟಲಿಲ್ಲ. ಇತ್ತ ಮಕ್ಕಳು ನಾಲ್ಕೈದು ಜನ, ಒಬ್ಬ ಕೆನಡಾ, ಒಬ್ಬಳು ಆಸ್ಟ್ರೇಲಿಯಾ. ಪಾಲು ಮಾಡುವುದು ಹೇಗೆ? ಬಿಲ್ಡರ್ ಬಂದು, ಬಂಗಲೆ ಕೊಡಿ, ಇದೇ ಜಾಗದಲ್ಲಿ ಕಟ್ಟಡ ಎಬ್ಬಿಸಿ ನಿಮಗೆ ಎರಡು ಫ್ಲ್ಯಾಟ್ ಕೊಡ್ತೇನೆ ಅಂದರೆ ಬೇಡ ಅನ್ನುವುದು ಹೇಗೆ? ಎಷ್ಟೋ ಈಸ್ಟ್ ಇಂಡಿಯನ್ ಮನೆಯವರು ಪಾಲಿನ ದುಡ್ಡು ಹಿಡಿದು ವಸಾಯಿ, ಬೋರಿವ್ಲಿ ಕಡೆ ಹೋದರು. ಅಜ್ಜ ನೆಟ್ಟ ಹಲಸಿನ ಮರ ಇದ್ದಲ್ಲಿ ಏಳು ಮಾಳಿಗೆ. ಆ ಏಳು ಮಾಳಿಗೆಯಲ್ಲಿ ಒಂದು ಕೋಣೆ ಕೊಳ್ಳುವ ತಾಕತ್ತು ಆ ಅಜ್ಜನ ಮೊಮ್ಮಕ್ಕಳಿಗೆ ಈಗ ಇಲ್ಲ.

ಕಡಲನ್ನೂ ಬಿಡಲಿಲ್ಲ. ಮಣ್ಣು ಹಾಕಿ ಬಾಂದ್ರಾ ರೆಕ್ಲಮೇಶನ್ ಮಾಡಿದರು. ಪೂರ್ವ ಬದಿಯಲ್ಲಿ ಕಾಂಡ್ಲಾ ಗಿಡಗಳಿದ್ದ ಜವುಗು ತುಂಬಿಸಿ 1970ರ ದಶಕದ ಕೊನೆಯಿಂದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಎಬ್ಬಿಸಿದರು, ಬ್ಯಾಂಕುಗಳೆಲ್ಲ ಅಲ್ಲಿಗೆ ಬಂದವು. ಮಿಠಿ ಹೊಳೆಗೆ ಕಡಲು ಸೇರುವ ದಾರಿ ಇಕ್ಕಟ್ಟಾಯಿತು. 2005ರ ಜುಲೈ 26ಕ್ಕೆ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಹೊಯ್ದಾಗ ಆ ಹೊಳೆ ತನ್ನ ಜಾಗ ಕೇಳಿತು. ಆ ದಿನದ ನೆರೆ ನೆನ್ಸ್ಕಂಡ್ರೆ ಈಗ್ಳೂ ನಂಗೆ ಮೈ ನಡುಗ್ತ್. ನಮ್ಮವರು ಮನಿ ಮುಟ್ಟಿದ್ದ್ ಮಾರನೆ ದಿನ ಮಧ್ಯಾಹ್ನ, ಕುತ್ತಿಗೆ ತನ್ಕ ನೀರಗೆ ನಡ್ಕಂಡ್. ಅಷ್ಟಾದ ಮೇಲೂ 2009ರಲ್ಲಿ 5.6 ಕಿಲೋಮೀಟರಿನ ಸೀ ಲಿಂಕ್ ಆಯಿತು. ಕಾಂಬುಕೆ ಚಂದವೇ, ಇಲ್ಲೆ ಅಂತಿಲ್ಲೆ. ಆದರೆ ಇದರಲ್ಲಿ ದಾಟುವುದಕ್ಕೆ ಟೋಲ್ ಇತ್ತ್, ನಡೆಯುವವರಿಗೆ ಜಾಗವೇ ಇಲ್ಲೆ. ಆವಾಬಾಯಿಯವರ ಕಾಸ್‌ವೇ ಪಕ್ಕದಲ್ಲೇ ಕಾಂತ್.

ಒಂದು ಒಳ್ಳೆ ಕೆಲಸವೂ ಆಯ್ತ್. ಕಾರ್ಟರ್ ರೋಡ್, ಬ್ಯಾಂಡ್‌ಸ್ಟ್ಯಾಂಡ್ ಎರಡೂ ಒಂದು ಕಾಲಕ್ಕೆ ಕಸ, ಕಟ್ಟಡದ ಮಣ್ಣು ಹಾಕುವ ಜಾಗವಾಗಿತ್ತು. 1990ರ ದಶಕದ ಕೊನೆಗೆ ಅಲ್ಲಿನ ಜನರೇ ಸಂಘ ಮಾಡಿ, ಪಿ.ಕೆ. ದಾಸ್ ಅಂಬ ವಾಸ್ತುಶಿಲ್ಪಿಯನ್ನು ಜೊತೆಗಿಟ್ಟುಕೊಂಡು, ನಡೆಯುವ ದಾರಿ, ಕೂರುವ ಕಟ್ಟೆ ಮಾಡಿಸಿದರು. ಬೇಲಿ ಇಲ್ಲ, ಟಿಕೆಟ್ ಇಲ್ಲ. ಧಾರಾವಿಯ ಮಕ್ಕಳೂ ಭಾನುವಾರ ಬಂದು ಕೂರ್ತ್ರ್. ನಮ್ಮ ಹುಡುಗಿ ರಾತ್ರಿ ಕೂಕಂಬ ಕಟ್ಟೆ ಅದೇ.

ಈಗ ನಮ್ಮ ಓರಗಿತ್ತಿಗೆ ಒಂದ್ ಮಾತು, ಅವಳೂ ಓದ್ತಳ್ ಅಂದೇಳಿ ಗೊತ್ತಿತ್ತ್. ಕಡ್ಲ್ ಬದಿಯ ತೆಂಗಿನ ಜಾಗ ಮಾರಿ ಮಗ್ಳಿಗೆ ಬಾಂದ್ರಾದಗೆ ಮನಿ ತೆಗಿಯುಕೆ ಸಹಾಯ ಮಾಡುವ ಅಂದೇಳಿ ನೀವಿಬ್ರೂ ಮಾತಾಡ್ತಾ ಇದ್ರಿಯಲೆ. ಜಾಗ ಕೇಂತಾ ಇಪ್ಪದ್ದ್ ರೆಸಾರ್ಟಿನವರು. ಮಗ್ಳ್ ಅಲ್ಲೇ ಇರ್ಲಿ, ಬಾಡ್ಗಿ ಕೊಡ್ಲಿ, ಅವಳ ದುಡಿಮೆ ಅವಳ ಸಂತೋಷ. ಅದಕ್ಕೆ ಯಾರೂ ಕೊಂಕ್ ಮಾತಾಡುಕಾಗ. ಆದ್ರೆ ಜಾಗ ಮಾರುಕಾಗ. ನಾನ್ ಬಾಂದ್ರಾದ ಓಣಿಯಗೆ ಕಂಡ ಹಳೆ ಮನಿಯವರ ಬಾಯಗೆ ಒಂದೇ ಮಾತ್: ಮಾರಿದ ವರ್ಷ ಬೆಲೆ ತುಂಬಾ ಹೆಚ್ಚು ಅಂದೇಳಿ ಕಂಡಿತ್ತು. ರೆಸಾರ್ಟ್ ಆದ್ ಮೇಲೆ ನಮ್ಮ ಕಡ್ಲಿಗೆ ನಾವ್ ಹೋಪುಕೆ ಗೇಟಿನವನ ಹತ್ರ ಕೇಣ್ಕ್. ಮತ್ತ್ ಅವಳ್ ಊರಿಗೆ ಬಂದಾಗ ಸಂಜೆ ಕಡ್ಲ್ ಕರಿಗೆ ಹೋತೆ ಅಂದ್ರೆ, ಎಲ್ಲಿಗೆ, ಯಾರೊಟ್ಟಿಗೆ, ಕತ್ಲಾಯ್ತ್ ಅಂದೇಳಿ ಜಗಲಿಯಗೆ ನಿಂತ್ ಕೂಗುದ್ ಬಿಡಿ. ಬೇಕಾರೆ ನಾವೂ ಚಪ್ಪಲಿ ಹಾಯ್ಕಂಡ್ ಒಟ್ಟಿಗೆ ಹೋಪ.

ಬಾಂದ್ರಾ ಕಾಂಬುಕೆ ಬಪ್ಪವರಿದ್ರೆ ಸೆಪ್ಟೆಂಬರಿಗೆ ಬನ್ನಿ. ಮೌಂಟ್ ಮೇರಿ ಇಗರ್ಜಿಯ ಜಾತ್ರೆ, ಸೆಪ್ಟೆಂಬರ್ 8ರ ನಂತರದ ಭಾನುವಾರದಿಂದ ಒಂದು ವಾರ. ಈಗಿನ ಕಟ್ಟಡ 1904ರದ್ದು. ಕೋಳಿಗಳು ಆ ಅಮ್ಮನಿಗೆ ಮೋತ್ ಮಾವ್ಲಿ ಅಂತಾರೆ, ಎಲ್ಲಾ ಜಾತಿ ಮತದವರೂ ಹರಕೆ ಹೊತ್ತ್ ಬತ್ರ್. ಮನಿ ಬೇಕಾದವರು ಮೇಣದ ಮನಿ ಇಡ್ತ್ರ್, ಕಾಲ್ನೋವಿನವರು ಮೇಣದ ಕಾಲ್. ಗುಡ್ಡದ ಮೆಟ್ಟಿಲ ಬುಡದಗೆ ಕಡ್ಲೆ ಮಿಠಾಯಿ, ಬಳೆ ಎಲ್ಲಾ ಮಾರುಕಿರ್ತ್. ಅಲ್ಲಿಂದ ಹಾಂಗೇ ಚಿಂಬಾಯಿಗೆ ನಡ್ಕಂಡ್ ಹೋಪುಕಾತ್ತ್. ಕೋಟಿಗಟ್ಲೆ ಬೆಲೆಯ ಕಟ್ಟಡಗಳ ಹಿಂದೆ ಒಂದು ಸಣ್ಣ ಕೇರಿ, ದೋಣಿಗಳು, ಕಟ್ಟಿದ ಹಗ್ಗದಲ್ಲಿ ಒಣಗುವ ಬೊಂಬಿಲ್. ಚಿಂಬಾಯಿಯ ಹೆಂಗ್ಸ್ರ್ ಚೌಕಾಸಿಗೆ ಬಗ್ಗುವವರಲ್ಲ, ಮೊದ್ಲೇ ಹೇಳ್ತೆ. ಬಂಗ್ಡಿ ಊರಗೇ ತಿನ್ನಿ, ಅಲ್ಲಿ ಬೊಂಬಿಲ್ ತಕಣಿ.